ಮೇಷ್ಟ್ರಿಲ್ಲದೆ ಲ್ಯಾಟಿನ್: ಯಾವ ಪುಸ್ತಕ, ಪಕ್ಕದಲ್ಲಿ ಯಾವ ಕೈಪಿಡಿ?

ಲ್ಯಾಟಿನ್ ಕಲಿಯಲು ಎರಡು ದಾರಿಗಳಿವೆ. ರೂಪಗಳನ್ನು ಬಾಯಿಪಾಠ ಮಾಡಿ, ನಿಘಂಟು ತೆರೆದಿಟ್ಟುಕೊಂಡು, ಒಂದೊಂದೇ ವಾಕ್ಯವನ್ನು ಬಿಡಿಸಿ ಇಂಗ್ಲಿಷಿಗೆ ತಿರುಗಿಸುವುದು ಒಂದು. ಶಾಲೆಯಲ್ಲಿ ‘ರಾಮಃ ರಾಮೌ ರಾಮಾಃ’ ಹೇಳುತ್ತ ಸಂಸ್ಕೃತ ಕಲಿತವರಿಗೆ ಈ ದಾರಿಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಮೊದಲ ದಿನದಿಂದಲೇ ಲ್ಯಾಟಿನ್ನನ್ನು ಲ್ಯಾಟಿನ್ನಿನಲ್ಲೇ ಕೇಳುತ್ತ, ಓದುತ್ತ, ಅದರಲ್ಲೇ ಉತ್ತರ ಬರೆಯುತ್ತ ಹೋಗುವುದು ಇನ್ನೊಂದು. ಸಂಸ್ಕೃತ ಸಂಭಾಷಣ ಶಿಬಿರದಲ್ಲಿ ಹತ್ತು ದಿನ ಕೂತು ಬಂದವರಿಗೆ ಇದೂ ಹೊಸದಲ್ಲ. ಈ ಎರಡನೆಯ ದಾರಿ ಹಿಡಿದು, ಮನೆಯಲ್ಲೇ, ಮೇಷ್ಟ್ರಿಲ್ಲದೆ ಕಲಿಯುವವರಿಗಾಗಿ ಈ ಮಾರ್ಗದರ್ಶಿ.

ಇಲ್ಲಿ ಮುಖ್ಯ ಪುಸ್ತಕ ಯಾವುದು ಎಂಬ ಬಗ್ಗೆ ಹೆಚ್ಚು ಗೊಂದಲವಿಲ್ಲ. ಅದರ ಪಕ್ಕದಲ್ಲಿ ಏನಿಟ್ಟುಕೊಳ್ಳಬೇಕು ಎನ್ನುವಲ್ಲೇ ಎಲ್ಲರೂ ತಡವರಿಸುತ್ತಾರೆ. ವ್ಯಾಕರಣ ವಿವರಿಸುವ ದಪ್ಪ ಕೈಪಿಡಿ ಬೇಕೇ, ತೆಳ್ಳನೆಯ ಪುಸ್ತಿಕೆ ಸಾಕೇ, ಅಭ್ಯಾಸ ಪುಸ್ತಕ ಕೊಳ್ಳಬೇಕೇ, ಇನ್ನಷ್ಟು ಕಥೆಗಳೇ? ಸಿಗುವ ಕೈಪಿಡಿಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಮಾತಾಡುವವರ ತೊಡಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕನ್ನಡ ಬಲ್ಲವರು ಎಡವುವ ಜಾಗಗಳೇ ಬೇರೆ. ಆ ಸಲಹೆಗಳನ್ನು ಹಾಗೆಯೇ ಎತ್ತಿಕೊಂಡರೆ ಬೇಡದ ಕಡೆ ಹಣವೂ ಸಮಯವೂ ಹೋಗುತ್ತದೆ. ನಮ್ಮ ತೀರ್ಮಾನವನ್ನು ಮೊದಲೇ ಹೇಳುತ್ತೇವೆ: ವಿವರಣೆಗೆ ಕಡಿಮೆ, ಕಥೆಗಳಿಗೆ ಹೆಚ್ಚು ಖರ್ಚು ಮಾಡಿ.

ಮುಖ್ಯ ಪುಸ್ತಕ

ಡೆನ್ಮಾರ್ಕಿನ ಹಾನ್ಸ್ ಹೆನಿಂಗ್ ಓರ್ಬೆರ್ಗ್ (1920–2010) ರಚಿಸಿದ ‘ಲಿಂಗ್ವ ಲತೀನ ಪೆರ್ ಸೇ ಇಲ್ಲೂಸ್ತ್ರಾತ’ ಸರಣಿಯ ಮೊದಲ ಭಾಗದ ಹೆಸರು ‘ಫಮಿಲಿಯ ರೋಮಾನ’. 1955ರಲ್ಲಿ ಬೇರೆ ಹೆಸರಿನಲ್ಲಿ ಹೊರಬಂದು, ಮುಂದೆ ತಿದ್ದುಪಡಿಯಾಗಿ ಈಗಿನ ರೂಪಕ್ಕೆ ಬಂದ ಪುಸ್ತಕವಿದು. 35 ಅಧ್ಯಾಯಗಳು, 1500ಕ್ಕೂ ಹೆಚ್ಚು ಪದಗಳು. ಪಾಠವೂ ಲ್ಯಾಟಿನ್, ಅಂಚಿನ ಟಿಪ್ಪಣಿಯೂ ಲ್ಯಾಟಿನ್, ವ್ಯಾಕರಣದ ಪಟ್ಟಿಯೂ ಲ್ಯಾಟಿನ್.

ಅರ್ಥವಾಗುವುದು ಹೇಗೆ? ಮೊದಲ ಅಧ್ಯಾಯ ಒಂದು ಭೂಪಟದೊಂದಿಗೆ ಶುರುವಾಗುತ್ತದೆ. ಮೊದಲ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಹೀಗೆ: ‘ರೋಮ ಇನ್ ಇತಲಿಯಾ ಎಸ್ತ್. ಇತಲಿಯ ಇನ್ ಎಉರೋಪಾ ಎಸ್ತ್.’ ರೋಮ್ ಇಟಲಿಯಲ್ಲಿದೆ, ಇಟಲಿ ಯುರೋಪಿನಲ್ಲಿದೆ. ಭೂಪಟ ಎದುರಿಗಿದ್ದಾಗ ಇದಕ್ಕೆ ಅನುವಾದ ಬೇಕಿಲ್ಲ. ಈಗ ಕೊನೆಯ ಸ್ವರವನ್ನು ನೋಡಿ. ‘ಇತಲಿಯ’ ಎಂದು ಹ್ರಸ್ವದಲ್ಲಿ ಮುಗಿದರೆ ಅದು ವಾಕ್ಯದ ಕರ್ತೃ, ‘ಇನ್ ಇತಲಿಯಾ’ ಎಂದು ದೀರ್ಘಕ್ಕೆ ಹೋದರೆ ಇಟಲಿಯ ಒಳಗೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಲು ಇಂಗ್ಲಿಷ್ ಮಾತಾಡುವವರಿಗೆ ವಾರಗಳು ಬೇಕಾಗುತ್ತವೆ. ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬದಲಾಗುವ ಭಾಷೆಯಲ್ಲಿ ಬೆಳೆದವರ ಕಿವಿಗೆ ಅದು ತಾನಾಗಿ ಬೀಳುತ್ತದೆ.

ಅಂಚಿನಲ್ಲಿ ನಾಲ್ಕು ಗುರುತುಗಳು ಬರುತ್ತವೆ, ಇವನ್ನು ಮೊದಲ ದಿನವೇ ತಿಳಿದುಕೊಳ್ಳಿ. ಸಮ ಚಿಹ್ನೆ ಇದ್ದರೆ ಅದೇ ಅರ್ಥದ ಪದ. ಎರಡೂ ಕಡೆ ತುದಿಯಿರುವ ಬಾಣ ಇದ್ದರೆ ವಿರುದ್ಧಪದ. ಎರಡು ಚುಕ್ಕಿ ಇದ್ದರೆ ‘ಈ ಜಾಗದಲ್ಲಿ ಇದರ ಅರ್ಥ ಇದು’. ಎಡಕ್ಕೆ ಮೊನೆ ಮಾಡಿದ ಚಿಹ್ನೆ ಇದ್ದರೆ ಈ ಪದ ಹುಟ್ಟಿದ್ದು ಆ ಪದದಿಂದ. ಇದು ಗೊತ್ತಿಲ್ಲದೆ ಅಂಚನ್ನು ಬಿಟ್ಟು ನಡುವಿನ ಪಾಠವನ್ನಷ್ಟೇ ಓದುವವರು ಐದಾರು ಅಧ್ಯಾಯಗಳೊಳಗೆ ನಿಘಂಟು ಹುಡುಕಲು ಶುರುಮಾಡುತ್ತಾರೆ.

ಅಧ್ಯಾಯದ ಕೊನೆಗೆ ಮೂರು ‘ಪೇನ್ಸುಮ್’, ಅಂದರೆ ಮನೆಗೆಲಸ. ಮೊದಲನೆಯದರಲ್ಲಿ ಪ್ರತ್ಯಯ ತುಂಬಬೇಕು, ಎರಡನೆಯದರಲ್ಲಿ ಪದ ತುಂಬಬೇಕು, ಮೂರನೆಯದರಲ್ಲಿ ಲ್ಯಾಟಿನ್ ಪ್ರಶ್ನೆಗಳಿಗೆ ಲ್ಯಾಟಿನ್ನಿನಲ್ಲೇ ಉತ್ತರಿಸಬೇಕು.

ಬೇರೆ ಆಯ್ಕೆಗಳು

‘ಕೇಂಬ್ರಿಜ್ ಲ್ಯಾಟಿನ್ ಕೋರ್ಸ್’ 1970ರಲ್ಲಿ ಬಂದದ್ದು. ವೆಸೂವಿಯಸ್ ಸಿಡಿಯುವ ಮುಂಚಿನ ಪೊಂಪೆಯಲ್ಲಿ ಕಥೆ ಶುರುವಾಗುತ್ತದೆ, ಮೊದಲ ಪುಸ್ತಕದ 12ನೇ ಹಂತದಲ್ಲಿ ಬೆಟ್ಟ ಸಿಡಿಯುತ್ತದೆ. ಕಥೆ ಚೆನ್ನಾಗಿದೆ, ಪಾತ್ರಗಳು ನೆನಪಿನಲ್ಲಿ ಉಳಿಯುತ್ತವೆ. ಆದರೆ ವಿವರಣೆ, ಪದಾರ್ಥ, ಸಂಸ್ಕೃತಿಯ ಟಿಪ್ಪಣಿ ಎಲ್ಲವೂ ಇಂಗ್ಲಿಷಿನಲ್ಲಿ, ತರಗತಿಯಲ್ಲಿ ಶಿಕ್ಷಕರು ಇದ್ದಾರೆ ಎಂಬ ಲೆಕ್ಕದಲ್ಲಿ ಬರೆದದ್ದು. ವ್ಯಾಕರಣದ ಕ್ರಮವೂ ಬೇರೆ. ಷಷ್ಠೀ ವಿಭಕ್ತಿ ‘ಫಮಿಲಿಯ ರೋಮಾನ’ದಲ್ಲಿ 2ನೇ ಅಧ್ಯಾಯಕ್ಕೇ ಬರುತ್ತದೆ, ಕೇಂಬ್ರಿಜ್‌ನಲ್ಲಿ 17ನೇ ಹಂತದವರೆಗೆ ಕಾಯಬೇಕು. ಭೂತಕಾಲ ಇದಕ್ಕೆ ತದ್ವಿರುದ್ಧ: ಕೇಂಬ್ರಿಜ್‌ನಲ್ಲಿ 6ನೇ ಹಂತಕ್ಕೆ ಸಿಗುತ್ತದೆ, ಓರ್ಬೆರ್ಗ್ 19ನೇ ಅಧ್ಯಾಯದವರೆಗೆ ಕೊಡುವುದಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೆ ಓದುತ್ತೇನೆಂದು ಹೊರಟರೆ ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಓರ್ಬೆರ್ಗ್‌ನ 21ನೇ ಅಧ್ಯಾಯ ದಾಟಿದ ಮೇಲೆ ಕೇಂಬ್ರಿಜ್‌ನ ಮೊದಲ ಎರಡು ಪುಸ್ತಕಗಳನ್ನು ಬರಿಯ ಕಥೆಪುಸ್ತಕಗಳಂತೆ ಓದಿ; ಆಗ ಅವು ನಿಜಕ್ಕೂ ನೆರವಾಗುತ್ತವೆ.

ವೀಲಾಕ್ ಅವರ ಪಠ್ಯ (1956, 40 ಅಧ್ಯಾಯ) ಮೊದಲ ದಾರಿಯದು. ಎಲ್ಲ ರೂಪಗಳೂ ಒಂದೆಡೆ ಅಚ್ಚುಕಟ್ಟಾಗಿ ಸಿಗುವುದರಿಂದ ಆಗಾಗ ತೆರೆದು ನೋಡಲು ಒಳ್ಳೆಯದು. ಓದಿನ ಭಾಗ ಕಡಿಮೆ, ಮುಳುಗಿ ಕಲಿಯುವುದಕ್ಕೆ ಆಗುವುದಿಲ್ಲ.

ಅಸಿಮಿಲ್ ಸಂಸ್ಥೆಯ ಹಳೆಯ ಲ್ಯಾಟಿನ್ ಪುಸ್ತಕ (1966) 101 ಪಾಠಗಳದು. ಸಂಭಾಷಣೆಗಳು ಲವಲವಿಕೆಯಿಂದ ಕೂಡಿವೆ, ಎದುರು ಪುಟದಲ್ಲಿ ಫ್ರೆಂಚ್ ಅನುವಾದ ಇರುತ್ತದೆ. ಫ್ರೆಂಚ್ ಬರುವವರು ಇದನ್ನು ಧಾರಾಳವಾಗಿ ಆರಿಸಬಹುದು, ಬಾರದವರಿಗೆ ಪ್ರಯೋಜನವಿಲ್ಲ.

ಡುಯೊಲಿಂಗೊದಲ್ಲಿ 2019ರಿಂದ ಲ್ಯಾಟಿನ್ ಇದೆ. ಪಠ್ಯ ತೀರಾ ಚಿಕ್ಕದು, ದೀರ್ಘ ಸ್ವರದ ಗುರುತೂ ಇಲ್ಲ. ಮೇಲೆ ತೋರಿಸಿದ ‘ಇತಲಿಯ’, ‘ಇತಲಿಯಾ’ ಎರಡೂ ಅಲ್ಲಿ ಒಂದೇ ಥರ ಕಾಣುತ್ತವೆ. ಕೆಲವು ದಿನ ರುಚಿ ನೋಡಲು ಸಾಕು.

ನೇರ ವಿಧಾನದ, ಅಂದರೆ ಲ್ಯಾಟಿನ್ನನ್ನು ಲ್ಯಾಟಿನ್ನಿನಲ್ಲೇ ಕಲಿಸುವ, ಹಳೆಯ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಈ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಹೆಸರು ತಂದವರು ಡಬ್ಲ್ಯು. ಎಚ್. ಡಿ. ರೌಸ್. ಹುಟ್ಟಿದ್ದು 1863ರಲ್ಲಿ ಕಲ್ಕತ್ತೆಯಲ್ಲಿ, ಕೇಂಬ್ರಿಜ್‌ನಲ್ಲಿ ಸಂಸ್ಕೃತ ಕಲಿಸಿದವರು, 1902ರಿಂದ 1928ರವರೆಗೆ ಪರ್ಸ್ ಶಾಲೆಯ ಮುಖ್ಯೋಪಾಧ್ಯಾಯರು. ಅವರ ತರಗತಿಗಳು ಲ್ಯಾಟಿನ್ನಿನಲ್ಲೇ ನಡೆಯುತ್ತಿದ್ದವು. ಆದರೆ ಆ ಕಾಲದ ಪುಸ್ತಕಗಳು ಶಿಕ್ಷಕರ ಬಾಯಿಂದ ಬರುವ ಅರ್ಧ ಪಾಠವನ್ನು ನೆಚ್ಚಿಕೊಂಡಿವೆ. ಒಬ್ಬರೇ ಕೂತು ಓದುವವರಿಗೆ ಅವು ಮೊದಲ ಪುಸ್ತಕವಾಗುವುದು ಕಷ್ಟ, ಓದಿನ ಪ್ರಮಾಣ ಹೆಚ್ಚಿಸಿಕೊಳ್ಳಲು ಒಳ್ಳೆಯವು. ಕ್ರಿಸ್ತೋಫ್ ರಿಕೊ ಅವರ ‘ಫೊರುಮ್’ ಕೂಡ ಹಾಗೆಯೇ. ಎದ್ದೇಳು, ಕೂತ್ಕೋ, ಬಾಗಿಲು ತೆಗೆ ಎಂದು ಮಾತಿನಿಂದ ಕಲಿಸುವ ಆ ಪುಸ್ತಕಕ್ಕೆ ಕನಿಷ್ಠ ಒಬ್ಬ ಜೊತೆಗಾರ ಬೇಕು.

ಪಕ್ಕದಲ್ಲಿ ಇಟ್ಟುಕೊಳ್ಳುವ ಪುಸ್ತಕಗಳು

‘ಫಮಿಲಿಯ ರೋಮಾನ’ ಸಾಂದ್ರವಾದ ಪುಸ್ತಕ. 1500ಕ್ಕೂ ಹೆಚ್ಚು ಪದಗಳನ್ನು ಅಧ್ಯಾಯಗಳಿಗೆ ಹಂಚಿದರೆ ಒಂದಕ್ಕೆ 40ರ ಮೇಲೆ ಬೀಳುತ್ತವೆ. ಅಷ್ಟೂ ಪದಗಳು ನೆನಪಿನಲ್ಲಿ ಉಳಿಯುವಷ್ಟು ಸಲ ಅದೇ ಅಧ್ಯಾಯದಲ್ಲಿ ಮರಳಿ ಬರುವುದಿಲ್ಲ. ಅರ್ಧದಲ್ಲಿ ಬಿಟ್ಟವರಲ್ಲಿ ಬಹುಪಾಲು ಜನಕ್ಕೆ ‘ನನಗೆ ವ್ಯಾಕರಣ ಸಾಲದು’ ಅನ್ನಿಸಿರುತ್ತದೆ. ನಿಜವಾಗಿ ಸಾಲದೆ ಬಂದದ್ದು ಓದು. ಕೈಪಿಡಿ ಆರಿಸುವಾಗ ಇದನ್ನು ಮರೆಯಬಾರದು.

‘ಕೊಲ್ಲೊಕ್ವಿಯ ಪೆರ್ಸೋನಾರುಮ್’ ಮೊದಲು ಕೊಳ್ಳಬೇಕಾದದ್ದು. ಮೊದಲ 24 ಅಧ್ಯಾಯಗಳಿಗೆ ಒಂದೊಂದರಂತೆ 24 ಸಂಭಾಷಣೆಗಳು. ಅದೇ ಮನೆಯ ಯೂಲಿಯುಸ್, ಅಯ್ಮಿಲಿಯ, ಮಕ್ಕಳಾದ ಮಾರ್ಕುಸ್, ಕ್ವೀಂತುಸ್, ಯೂಲಿಯ ಮಾತಾಡುತ್ತಾರೆ. ಹೊಸ ವ್ಯಾಕರಣ ಇಲ್ಲ, ಹೊಸ ಪದಗಳು ಕೆಲವೇ. ಮುಖ್ಯ ಪುಸ್ತಕದಲ್ಲಿ ಹೆಚ್ಚಾಗಿ ‘ಅವನು, ಅವಳು’ ಎಂದು ನಡೆಯುವ ಕಥೆ ಇಲ್ಲಿ ‘ನಾನು, ನೀನು’ ಆಗುವುದರಿಂದ ಕ್ರಿಯಾಪದದ ರೂಪಗಳು ಬಾಯಿಗೆ ಬರುತ್ತವೆ.

‘ಫಾಬುಲಯ್ ಸಿರಯ್’ ಲುಯಿಜಿ ಮಿರಾಲ್ಯಾ ಅವರದು. 26ರಿಂದ 34ನೇ ಅಧ್ಯಾಯಗಳ ಜೊತೆ ಓದುವ ಪುರಾಣ ಕಥೆಗಳು. ಮುಖ್ಯ ಪುಸ್ತಕ ಅತ್ಯಂತ ಕಡಿದಾಗುವುದು ಇದೇ ಭಾಗದಲ್ಲಿ, ಹಾಗಾಗಿ ಇದನ್ನು ಬಿಡಬಾರದು.

‘ಎಕ್ಸೆರ್ಕಿತಿಯ ಲತೀನ’ ಅಭ್ಯಾಸ ಪುಸ್ತಕ. ಅಧ್ಯಾಯವನ್ನು ‘ಲೇಕ್ತಿಯೋ’ ಎಂಬ ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಅಭ್ಯಾಸ ಕೊಡುತ್ತದೆ. ಪೇನ್ಸುಮ್‌ಗಳನ್ನು ಬರೆದ ಮೇಲೂ ಪ್ರತ್ಯಯಗಳು ಗಟ್ಟಿಯಾಗದಿದ್ದರೆ ಮಾತ್ರ ಕೊಳ್ಳಿ. ಉತ್ತರಗಳು ಇದರಲ್ಲಿ ಇರುವುದಿಲ್ಲ, ಶಿಕ್ಷಕರಿಗಾಗಿ ಮಾಡಿದ ಬೇರೆ ಪುಸ್ತಕದಲ್ಲಿವೆ.

ಇನ್ನು ವಿವರಣೆಯ ಕೈಪಿಡಿಗಳು. ಇಂಗ್ಲಿಷಿನಲ್ಲಿ ಮುಖ್ಯವಾಗಿ ಎರಡಿವೆ. ಓರ್ಬೆರ್ಗ್ ಅವರೇ ಬರೆದ ‘ಲತೀನೇ ದಿಸ್ಕೋ’ ತೆಳ್ಳನೆಯ ಪುಸ್ತಿಕೆ. ಈ ಅಧ್ಯಾಯದಲ್ಲಿ ಹೊಸದೇನು, ಎಲ್ಲಿ ಗಮನ ಕೊಡಬೇಕು ಎಂದು ಒಂದೆರಡು ಪುಟಗಳಲ್ಲಿ ಹೇಳಿ ಮುಗಿಸುತ್ತದೆ. ಜೀನ್ ಮರೀ ನ್ಯೂಮನ್ ಅವರ ಕೈಪಿಡಿ (ಎರಡನೆಯ ಆವೃತ್ತಿ 2016) ದಪ್ಪಗಿದೆ. ಪ್ರತಿ ಅಧ್ಯಾಯದ ವ್ಯಾಕರಣವನ್ನು ಉದಾಹರಣೆ ಸಹಿತ ಬಿಡಿಸಿ ಹೇಳುತ್ತದೆ, ಪದಗಳ ಇಂಗ್ಲಿಷ್ ಅರ್ಥ ಕೊಡುತ್ತದೆ, ರೋಮನ್ ಜೀವನದ ಬಗ್ಗೆ ಟಿಪ್ಪಣಿಯೂ ಇದೆ. ಇಂಗ್ಲಿಷ್ ಓದುಗರಿಗೆ ಇದು ಬಹಳ ಉಪಯುಕ್ತ, ಏಕೆಂದರೆ ವಿಭಕ್ತಿ ಎಂದರೆ ಏನು ಎಂಬಲ್ಲಿಂದಲೇ ಅವರಿಗೆ ಹೇಳಬೇಕು. ಅದರ ಮೊದಲ ಭಾಗದಲ್ಲಿ ಬಹಳಷ್ಟು ಜಾಗ ಹೋಗುವುದು ಕರ್ಮಪದಕ್ಕೆ ಪ್ರತ್ಯಯ ಏಕೆ ಬೇಕು, ಪದಕ್ರಮ ಏಕೆ ಸಡಿಲ ಎಂಬುದಕ್ಕೇ. ‘ಹುಡುಗಿಯನ್ನು ಹುಡುಗ ಹೊಡೆದ’ ಎಂದರೂ ‘ಹುಡುಗ ಹುಡುಗಿಯನ್ನು ಹೊಡೆದ’ ಎಂದರೂ ಏಟು ತಿಂದವರು ಯಾರು ಎಂಬುದು ನಮಗೆ ಬಾಲ್ಯದಿಂದ ಗೊತ್ತು. ಕನ್ನಡ ಓದುಗರು ‘ಲತೀನೇ ದಿಸ್ಕೋ’ದಿಂದ ಶುರುಮಾಡಲಿ. ನ್ಯೂಮನ್ ಬೇಕೆನಿಸಿದರೆ 16ನೇ ಅಧ್ಯಾಯ ಮುಟ್ಟಿದ ಮೇಲೆ ತೆಗೆದುಕೊಳ್ಳಲಿ.

ಯಾವ ಕೈಪಿಡಿಯಾದರೂ ಪಾಠ ಓದಿದ ನಂತರ ತೆರೆಯಿರಿ. ಮೊದಲು ವಿವರಣೆ, ಆಮೇಲೆ ಪಾಠ ಎಂದು ಮಾಡಿದರೆ ಕಥೆ ನಿಯಮಗಳ ಉದಾಹರಣೆಯಾಗಿಬಿಡುತ್ತದೆ, ಮತ್ತೆ ಮೊದಲ ದಾರಿಗೇ ಬಂದು ಸೇರುತ್ತೀರಿ.

‘ಗ್ರಮ್ಮತಿಕ ಲತೀನ’ ಎಂಬ ಚಿಕ್ಕ ಪುಸ್ತಿಕೆ ಎಲ್ಲ ರೂಪಗಳ ಪಟ್ಟಿ. ಮುಖ್ಯ ಪುಸ್ತಕದ ಕೊನೆಯಲ್ಲೂ ಪಟ್ಟಿಗಳಿರುವುದರಿಂದ ಇದು ಇಲ್ಲದಿದ್ದರೂ ನಡೆಯುತ್ತದೆ.

ಕನ್ನಡ ನೆರವಾಗುವ ಜಾಗ, ಕೈಕೊಡುವ ಜಾಗ

ವಿಭಕ್ತಿಗಳನ್ನು ಇಂಗ್ಲಿಷ್ ಹೆಸರುಗಳಿಂದ ಕಲಿಯಬೇಡಿ, ನಮ್ಮ ಹೆಸರುಗಳನ್ನೇ ಇಟ್ಟುಕೊಳ್ಳಿ. ನೋಮಿನಾತೀವುಸ್ ಪ್ರಥಮಾ, ಅಕ್ಕೂಸಾತೀವುಸ್ ದ್ವಿತೀಯಾ, ಗೆನೆತೀವುಸ್ ಷಷ್ಠೀ, ದತೀವುಸ್ ಚತುರ್ಥೀ. ಅಬ್ಲಾತೀವುಸ್ ಒಂದೇ ತೃತೀಯಾ, ಪಂಚಮೀ, ಸಪ್ತಮೀ ಮೂರರ ಕೆಲಸವನ್ನೂ ಮಾಡುತ್ತದೆ. 6ನೇ ಅಧ್ಯಾಯದಲ್ಲಿ ಚೀಲಗಳು ‘ಆ ಸೆರ್ವೀಸ್’ ಹೊರಲ್ಪಡುತ್ತವೆ ಎಂದು ಬಂದಾಗ ‘ಆಳುಗಳಿಂದ’ ಎಂದು ನೇರವಾಗಿ ಹೊಳೆಯುತ್ತದೆ. 12ನೇ ಅಧ್ಯಾಯದಲ್ಲಿ ‘ಮಾರ್ಕುಸನಿಗೆ ಒಬ್ಬ ತಂಗಿ ಇದ್ದಾಳೆ’ ಎಂಬ ಅರ್ಥಕ್ಕೆ ಚತುರ್ಥೀ ಬಳಸುತ್ತಾರೆ, ‘ಮಾರ್ಕೋ ಊನ ಸೊರೊರ್ ಎಸ್ತ್’. ಇಂಗ್ಲಿಷ್ ಕೈಪಿಡಿಗಳು ಇದಕ್ಕೊಂದು ಪ್ರತ್ಯೇಕ ನಿಯಮ ಹೇಳುತ್ತವೆ. ಕನ್ನಡದಲ್ಲಿ ಬೇರೆ ರೀತಿ ಹೇಳುವುದೇ ಕಷ್ಟ.

ಇದೇ ಚತುರ್ಥೀ ಇನ್ನೊಂದು ಕಡೆ ಬೀಳಿಸುತ್ತದೆ. ನಾವು ‘ತೋಟಕ್ಕೆ ಹೋದ’, ‘ರೋಮ್‌ಗೆ ಹೋದ’ ಎನ್ನುತ್ತೇವೆ. ಲ್ಯಾಟಿನ್ನಿನಲ್ಲಿ ಹೋಗುವ ದಿಕ್ಕಿಗೆ ಚತುರ್ಥೀ ಬರುವುದಿಲ್ಲ, ದ್ವಿತೀಯಾ ಬರುತ್ತದೆ: ತೋಟದೊಳಕ್ಕೆ ‘ಇನ್ ಹೊರ್ತುಮ್’, ತೋಟದಲ್ಲಿ ‘ಇನ್ ಹೊರ್ತೋ’. ಊರ ಹೆಸರಾದರೆ ‘ಇನ್’ ಕೂಡ ಬೇಡ, ‘ರೋಮಮ್ ಇತ್’ ಎಂದರೆ ರೋಮ್‌ಗೆ ಹೋಗುತ್ತಾನೆ. ಕನ್ನಡದ ಅಭ್ಯಾಸಬಲದಿಂದ ‘ರೋಮಯ್’ ಎಂದು ಬರೆದರೆ ಓದಿದವರಿಗೆ ‘ರೋಮ್‌ನಲ್ಲಿ’ ಎಂಬ ಅರ್ಥ ಬರುತ್ತದೆ. 6 ಮತ್ತು 7ನೇ ಅಧ್ಯಾಯಗಳಲ್ಲಿ ಇದಕ್ಕೆಂದೇ ಹತ್ತು ವಾಕ್ಯ ಬರೆದು ಅಭ್ಯಾಸ ಮಾಡಿ: ಎಲ್ಲಿಗೆ, ಎಲ್ಲಿ, ಎಲ್ಲಿಂದ, ಮೂರೂ ರೂಪಗಳಲ್ಲಿ.

ಅದಕ್ಕಿಂತ ದೊಡ್ಡ ತೊಡಕು 3ನೇ ಅಧ್ಯಾಯದಲ್ಲೇ ಕಾದಿರುತ್ತದೆ. ಮಾರ್ಕುಸ್ ತಂಗಿಗೆ ಹೊಡೆಯುವ ಪಾಠ ಅದು. ‘ಮಾರ್ಕುಸ್ ಯೂಲಿಯಮ್ ಪುಲ್ಸತ್’ ಎಂಬಲ್ಲಿ ಕರ್ತೃ, ಕರ್ಮ, ಕ್ರಿಯೆ ಎಲ್ಲ ನಮ್ಮದೇ ಕ್ರಮದಲ್ಲಿವೆ, ಕಷ್ಟವಿಲ್ಲ. ಸ್ವಲ್ಪ ಮುಂದೆ ‘ಪುಎಲ್ಲ ಕ್ವಮ್ ಮಾರ್ಕುಸ್ ಪುಲ್ಸತ್’ ಎಂದು ಬರುತ್ತದೆ, ಮಾರ್ಕುಸ್ ಹೊಡೆಯುವ ಹುಡುಗಿ. ಕನ್ನಡದಲ್ಲಿ ‘ಹೊಡೆಯುವ’ ಎಂಬ ಕೃದಂತ ಹುಡುಗಿಯ ಮುಂದೆ ಬಂದು ಕೂರುತ್ತದೆ. ಲ್ಯಾಟಿನ್ನಿನಲ್ಲಿ ಹುಡುಗಿ ಮೊದಲು ಬಂದು, ಆಮೇಲೆ ‘ಕ್ವೀ, ಕ್ವಯ್, ಕ್ವೊದ್’ ಬಳಗದ ಸರ್ವನಾಮ, ಆಮೇಲೆ ಅದರದೇ ಆದ ಪುಟ್ಟ ವಾಕ್ಯ. ಆ ಸರ್ವನಾಮದ ಲಿಂಗ, ವಚನ ಹುಡುಗಿಯಿಂದ ಬರುತ್ತದೆ, ವಿಭಕ್ತಿ ಮಾತ್ರ ಒಳಗಿನ ವಾಕ್ಯದಿಂದ. ಬಗೆಹರಿಸುವ ದಾರಿ ಇದು: ಅಂಥ ಪ್ರತಿ ವಾಕ್ಯವನ್ನೂ ಎರಡಾಗಿ ಒಡೆಯಿರಿ. ‘ಪುಎಲ್ಲ ಕ್ವಮ್ ಮಾರ್ಕುಸ್ ಪುಲ್ಸತ್ ಯೂಲಿಯ ಎಸ್ತ್’ ಎಂಬುದನ್ನು ‘ಪುಎಲ್ಲ ಯೂಲಿಯ ಎಸ್ತ್. ಮಾರ್ಕುಸ್ ಎಅಮ್ ಪುಲ್ಸತ್’ ಎಂದು ಬರೆಯಿರಿ. ‘ಎಅಮ್’ ಇದ್ದ ಜಾಗಕ್ಕೆ ‘ಕ್ವಮ್’ ಬಂದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಎರಡನ್ನು ಮತ್ತೆ ಒಂದು ಮಾಡಿ. ಇದನ್ನು ಮಾಡದೆ ಮುಂದೆ ಹೋದವರು ಪ್ರತಿ ಅಧ್ಯಾಯದಲ್ಲೂ ಇದೇ ಕಲ್ಲಿಗೆ ಎಡವುತ್ತಿರುತ್ತಾರೆ.

11ನೇ ಅಧ್ಯಾಯದ್ದೂ ಇದೇ ಬಗೆಯ ತೊಡಕು. ಬೇರೆಯವರ ಮಾತನ್ನು ಹೇಳುವಾಗ ನಾವು ಅದನ್ನು ಹಾಗೆಯೇ ಇಟ್ಟು ‘ಎಂದು’ ಸೇರಿಸುತ್ತೇವೆ. ಲ್ಯಾಟಿನ್ ಒಳಗಿನ ಕರ್ತೃವನ್ನು ದ್ವಿತೀಯಾ ವಿಭಕ್ತಿಗೆ ತಿರುಗಿಸಿ, ಕ್ರಿಯಾಪದವನ್ನು ಮೂಲರೂಪಕ್ಕೆ ತರುತ್ತದೆ. ‘ಪುಎರ್ ಅಯ್ಗೆರ್ ಎಸ್ತ್’, ಹುಡುಗನಿಗೆ ಕಾಯಿಲೆ. ವೈದ್ಯ ಹಾಗೆ ಹೇಳುತ್ತಾನೆ ಎಂದಾಗ ‘ಮೆದಿಕುಸ್ ಪುಎರುಮ್ ಅಯ್ಗ್ರುಮ್ ಎಸ್ಸೆ ದೀಕಿತ್’. ಅಧ್ಯಾಯದಲ್ಲಿ ಬರುವ ಪ್ರತಿ ಉಲ್ಲೇಖವನ್ನೂ ಹೀಗೆ ಎರಡೂ ದಿಕ್ಕಿನಲ್ಲಿ ತಿರುಗಿಸಿ ಬರೆದರೆ ಒಂದು ವಾರದಲ್ಲಿ ಹಿಡಿತಕ್ಕೆ ಬರುತ್ತದೆ.

ಲಿಂಗದ ವಿಷಯ. ಕನ್ನಡದಲ್ಲಿ ಅರ್ಥವೇ ಲಿಂಗವನ್ನು ಹೇಳುತ್ತದೆ. ಲ್ಯಾಟಿನ್ನಿನಲ್ಲಿ ಮೇಜು ಸ್ತ್ರೀಲಿಂಗ, ಗೋಡೆ ಪುಲ್ಲಿಂಗ, ಪಟ್ಟಣ ನಪುಂಸಕ. ವಿಶೇಷಣವೂ ಅದಕ್ಕೆ ಹೊಂದಬೇಕು. ಪದವನ್ನು ಒಂಟಿಯಾಗಿ ಕಲಿಯದೆ ವಿಶೇಷಣದ ಜೊತೆ ಕಲಿಯಿರಿ: ‘ಮೇನ್ಸ ಮಗ್ನ’, ‘ಮೂರುಸ್ ಮಗ್ನುಸ್’, ‘ಒಪ್ಪಿದುಮ್ ಮಗ್ನುಮ್’. ‘ನಾವಿಕ’ ಎಂಬರ್ಥದ ‘ನಉತ’ದಂತೆ ಅಕಾರದಲ್ಲಿ ಮುಗಿದೂ ಪುಲ್ಲಿಂಗವಾಗಿರುವ ಪದಗಳಿಗೆ ಇದು ಇನ್ನೂ ಅಗತ್ಯ.

ಉಚ್ಚಾರಣೆ

ಎರಡು ಪದ್ಧತಿಗಳಿವೆ, ಒಂದನ್ನು ಆರಿಸಿ ಅದರಲ್ಲೇ ಇರಿ. ಪ್ರಾಚೀನ ರೋಮನ್ನರದೆಂದು ವಿದ್ವಾಂಸರು ಮರುಕಟ್ಟಿದ ಪದ್ಧತಿಯಲ್ಲಿ ಸಿ ಅಕ್ಷರ ಯಾವಾಗಲೂ ‘ಕ’. ಚರ್ಚಿನ ಪದ್ಧತಿಯಲ್ಲಿ ಅದು ಇ, ಎ ಸ್ವರಗಳ ಮುಂದೆ ‘ಚ’ ಆಗುತ್ತದೆ, ‘ಅಯ್’ ಎಂಬುದು ‘ಎ’ ಆಗುತ್ತದೆ. ಚರ್ಚಿನ ಗಾಯನವೃಂದದಲ್ಲಿ ಹಾಡುವವರಿಗೆ, ಕ್ರೈಸ್ತ ಗ್ರಂಥಗಳನ್ನೇ ಓದಲು ಕಲಿಯುತ್ತಿರುವವರಿಗೆ ಚರ್ಚಿನ ಪದ್ಧತಿ ಸಹಜ. ಉಳಿದವರು ಪ್ರಾಚೀನ ಪದ್ಧತಿ ಹಿಡಿಯಲಿ, ಓರ್ಬೆರ್ಗ್ ಅವರ ಧ್ವನಿಮುದ್ರಣವೂ ಅದರಲ್ಲೇ ಇದೆ. ಯೂಟ್ಯೂಬ್‌ನಲ್ಲಿ ‘ಸ್ಕೋರ್ಪಿಯೋ ಮಾರ್ತಿಯಾನುಸ್’ ಚಾನೆಲಿನ ಓದನ್ನು ಕೇಳಬಹುದು, ಸ್ವರಗಳ ಅಳತೆ ಅಲ್ಲಿ ಬಹಳ ಖಚಿತ.

ಲ್ಯಾಟಿನ್ನಿನ ತ, ದ ನಮ್ಮ ತ, ದಗಳೇ. ಇಂಗ್ಲಿಷ್ ಓದಿನ ರೂಢಿಯಿಂದ ‘ಎಸ್ಟ್’ ಎನ್ನಬೇಡಿ, ‘ಎಸ್ತ್’ ಎನ್ನಿ. ಒತ್ತಕ್ಷರಗಳನ್ನು ಪೂರ್ತಿ ಒತ್ತಿ: ‘ಅನ್ನುಸ್’ ಎಂದರೆ ವರ್ಷ, ‘ಅನುಸ್’ ಎಂದರೆ ಮುದುಕಿ. ಬಸ್ಸು, ಕಾರು ಎನ್ನುವಂತೆ ವ್ಯಂಜನದ ಕೊನೆಗೆ ‘ಉ’ ಸೇರಿಸುವ ಅಭ್ಯಾಸ ಮಾತ್ರ ಇಲ್ಲಿ ಕೆಡುಕು ಮಾಡುತ್ತದೆ. 12ನೇ ಅಧ್ಯಾಯದಿಂದ ಉಕಾರ, ಊಕಾರಗಳೇ ವಿಭಕ್ತಿಯ ಗುರುತಾಗುತ್ತವೆ.

ಒತ್ತು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಇಂಗ್ಲಿಷ್ ಕೈಪಿಡಿಗಳು ಉದ್ದದ ವಿವರಣೆ ಕೊಡುತ್ತವೆ. ಶಾಲೆಯಲ್ಲಿ ಲಘು ಗುರು ಹಾಕಿ ಛಂದಸ್ಸು ಕಲಿತವರಿಗೆ ಒಂದೇ ವಾಕ್ಯ ಸಾಕು: ಕೊನೆಯಿಂದ ಎರಡನೆಯ ಅಕ್ಷರ ಗುರುವಾದರೆ ಒತ್ತು ಅದರ ಮೇಲೆ, ಲಘುವಾದರೆ ಅದರ ಹಿಂದಿನದರ ಮೇಲೆ. ‘ಅಮೀಕುಸ್’ನಲ್ಲಿ ‘ಮೀ’ ಗುರು, ಒತ್ತು ಅಲ್ಲೇ. ‘ದೊಮಿನುಸ್’ನಲ್ಲಿ ‘ಮಿ’ ಲಘು, ಒತ್ತು ‘ದೊ’ ಮೇಲೆ. ‘ಪುಎಲ್ಲ’ದಲ್ಲಿ ಮುಂದೆ ಒತ್ತಕ್ಷರ ಇರುವುದರಿಂದ ‘ಎ’ ಗುರು. ಎರಡೇ ಅಕ್ಷರದ ಪದವಾದರೆ ಒತ್ತು ಮೊದಲನೆಯದಕ್ಕೆ. 34ನೇ ಅಧ್ಯಾಯದಲ್ಲಿ ಕತುಲ್ಲುಸ್, ಒವಿದಿಯುಸ್, ಮಾರ್ತಿಯಾಲಿಸ್ ಕವಿಗಳ ಪದ್ಯಗಳು ಬಂದಾಗ ಇದೇ ತಿಳಿವಳಿಕೆಯಿಂದ ಪ್ರಸ್ತಾರ ಹಾಕಬಹುದು.

ವಾರದ ಕ್ರಮ

ದಿನಕ್ಕೆ 45 ನಿಮಿಷ, ವಾರಕ್ಕೆ ಆರು ದಿನ ಎಂದಿಟ್ಟುಕೊಳ್ಳಿ. 16ನೇ ಅಧ್ಯಾಯದವರೆಗೆ ವಾರಕ್ಕೊಂದು, 17ರಿಂದ 34ರವರೆಗೆ ಎರಡು ವಾರಕ್ಕೊಂದು. ಒಟ್ಟು 52 ವಾರ. 35ನೆಯದು 4ನೇ ಶತಮಾನದ ದೊನಾತುಸನ ವ್ಯಾಕರಣದಿಂದ ಆಯ್ದದ್ದು, ಅದನ್ನು ಬಿಡುವಾದಾಗ ಓದಬಹುದು.

ಮೊದಲ ಮೂರು ದಿನ ದಿನಕ್ಕೊಂದು ಲೇಕ್ತಿಯೋ. ಪುಸ್ತಕ ಮುಚ್ಚಿ ಒಮ್ಮೆ ಕೇಳಿ, ತೆರೆದು ಒಮ್ಮೆ ಕೇಳಿ, ಆಮೇಲೆ ಎರಡು ಸಲ ಗಟ್ಟಿಯಾಗಿ ಓದಿ. ನಾಲ್ಕನೆಯ ದಿನ ಇಡೀ ಅಧ್ಯಾಯವನ್ನು ನಿಲ್ಲದೆ ಓದಿ, ಕೊನೆಯ ವ್ಯಾಕರಣ ಭಾಗ ನೋಡಿ, ಕೈಪಿಡಿ ತೆರೆಯುವುದಿದ್ದರೆ ಅಂದು ತೆರೆಯಿರಿ. ಐದನೆಯ ದಿನ ಮೂರು ಪೇನ್ಸುಮ್‌ಗಳನ್ನು ಕೈಯಲ್ಲಿ ಬರೆಯಿರಿ. ಆರನೆಯ ದಿನ ಸಂಭಾಷಣೆ ಓದಿ, ಹಿಂದಿನ ಮೂರು ಅಧ್ಯಾಯಗಳನ್ನು ಮತ್ತೊಮ್ಮೆ ಓದಿ. ಎರಡು ವಾರದ ಅಧ್ಯಾಯಗಳಲ್ಲಿ ಎರಡನೆಯ ವಾರ ಪೂರ್ತಿ ಈ ಮರು ಓದಿಗೆ ಮತ್ತು ಹೊರಗಿನ ಕಥೆಗಳಿಗೆ ಮೀಸಲಿಡಿ.

ಮುಂದಿನ ಅಧ್ಯಾಯಕ್ಕೆ ಹೋಗಬಹುದೇ ಎಂದು ತಿಳಿಯುವುದು ಹೇಗೆ? ಕಥೆ ಅರ್ಥವಾಯಿತು ಎಂಬುದನ್ನು ಅಳತೆಗೋಲು ಮಾಡಬೇಡಿ. ಚಿತ್ರ, ಹಿಂದಿನ ಘಟನೆ, ಪರಿಚಿತ ಪದಗಳು ಸೇರಿ ಪ್ರತ್ಯಯ ನೋಡದೆಯೂ ಅರ್ಥ ಹೊಳೆದುಬಿಡುತ್ತದೆ. ಈ ಮೋಸ 20ನೇ ಅಧ್ಯಾಯದ ಆಸುಪಾಸಿನಲ್ಲಿ ಬಯಲಾಗುತ್ತದೆ, ಆಗ ಹತ್ತು ಅಧ್ಯಾಯ ಹಿಂದೆ ಬರಬೇಕಾಗುತ್ತದೆ. ಪಾಠದಿಂದ ಹತ್ತು ಸಾಲು ತೆಗೆದುಕೊಂಡು ಏಕವಚನವನ್ನೆಲ್ಲ ಬಹುವಚನ ಮಾಡಿ ಬರೆಯಿರಿ. 19ನೇ ಅಧ್ಯಾಯದ ನಂತರ ವರ್ತಮಾನವನ್ನು ಭೂತಕ್ಕೆ ತಿರುಗಿಸಿ. ಮೂರಕ್ಕಿಂತ ಹೆಚ್ಚು ತಪ್ಪಾದರೆ ಇನ್ನೊಂದು ವಾರ ಅಲ್ಲೇ ಇರಿ.

ಸಾಲುಗಳ ನಡುವೆ ಕನ್ನಡ ಅಥವಾ ಇಂಗ್ಲಿಷ್ ಅರ್ಥ ಬರೆಯಬೇಡಿ. ಮರು ಓದಿನಲ್ಲಿ ಕಣ್ಣು ಅದಕ್ಕೇ ಹೋಗುತ್ತದೆ. ಗೊತ್ತಾಗದ ಪದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡಿ. ಮೂರನೆಯ ಓದಿಗೂ ಚುಕ್ಕಿ ಉಳಿದರೆ ಆಗ ನಿಘಂಟು ನೋಡಿ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಚುಕ್ಕಿಗಳಾದರೆ ನೀವು ಬೇಗ ಮುಂದೆ ಬಂದಿದ್ದೀರಿ ಎಂದರ್ಥ. ಆಂಕಿಯಂಥ ಆ್ಯಪ್‌ನಲ್ಲಿ ನೆನಪಿನ ಕಾರ್ಡುಗಳನ್ನು ಬಳಸುವವರು ಒಂಟಿ ಪದದ ಬದಲು ಪಾಠದ ವಾಕ್ಯವನ್ನೇ ಹಾಕಿ, ಒಂದು ಪದ ಖಾಲಿ ಬಿಡಲಿ. ದಿನಕ್ಕೆ ಹತ್ತು ಹೊಸ ಕಾರ್ಡು ಸಾಕು.

ಕಡಿದಾದ ತಿರುವುಗಳು ಮೊದಲೇ ಗೊತ್ತಿದ್ದರೆ ಹೆದರಿಕೆ ಇಲ್ಲ. 8ರಲ್ಲಿ ‘ಇದು, ಅದು’ ಸರ್ವನಾಮಗಳ ಹಿಂಡು. 16ರಲ್ಲಿ ರೂಪ ಕರ್ಮಣಿ, ಅರ್ಥ ಕರ್ತರಿ ಆಗಿರುವ ಕ್ರಿಯಾಪದಗಳು. 21ರಿಂದ ಭೂತಕಾಲದ ಹೊಸ ಧಾತುರೂಪಗಳು. ಇವನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಊಹೆಯಿಂದ ಬರುವುದಿಲ್ಲ. 27ರಿಂದ ‘ಆಗಲಿ, ಆಗುವಂತೆ’ ಎಂಬ ಅರ್ಥಛಾಯೆಗಳ ರೂಪಗಳು, 33ರವರೆಗೆ ಒಂದೊಂದಾಗಿ ಬರುತ್ತವೆ. ಪ್ರತಿ ತಿರುವಿಗೂ ಮುಂಚೆ ಒಂದು ವಾರ ಹೊಸದೇನೂ ಓದದೆ, ಹಿಂದಿನ ಐದು ಅಧ್ಯಾಯಗಳನ್ನಷ್ಟೇ ಗಟ್ಟಿಯಾಗಿ ಓದಿ.

ಮೊದಲ ಭಾಗ ಮುಗಿದ ಮೇಲೆ

ಎರಡನೆಯ ಭಾಗ ‘ರೋಮ ಅಯ್ತೆರ್ನ’ 36ರಿಂದ 56ನೇ ಅಧ್ಯಾಯದವರೆಗೆ. ಆರಂಭದಲ್ಲೇ ವರ್ಜಿಲನ ಮಹಾಕಾವ್ಯದ ಗದ್ಯರೂಪ, ಆಮೇಲೆ ಲಿವಿಯಂಥ ಇತಿಹಾಸಕಾರರ ಮೂಲ ಬರಹ. 34ರಿಂದ ನೇರವಾಗಿ ಇಲ್ಲಿಗೆ ಬಂದರೆ ಏರು ತುಂಬಾ ಕಡಿದು, ಅನೇಕರು ನಿಲ್ಲುವುದು ಇಲ್ಲೇ. ನಡುವೆ ನಾಲ್ಕಾರು ತಿಂಗಳು ಬೇರೆ ಓದಿಗೆ ಕೊಡಿ. ಫ್ರಾನ್ಸಿನ ಲೊಮೋಂ 18ನೇ ಶತಮಾನದಲ್ಲಿ ಶಾಲಾಮಕ್ಕಳಿಗೆ ಬರೆದ ಬೈಬಲ್ ಕಥಾಸಂಗ್ರಹ ಅತ್ಯಂತ ಸುಲಭ, ಓರ್ಬೆರ್ಗ್ ಶೈಲಿಯ ಅಂಚಿನ ಟಿಪ್ಪಣಿಗಳೊಂದಿಗೆ ಸಿಗುತ್ತದೆ. ಫ್ರಾನ್ಸಿಸ್ ರಿಚ್ಚಿಯ ‘ಫಾಬುಲಯ್ ಫಕಿಲೇಸ್’ನಲ್ಲಿ ಪೆರ್ಸೆಉಸ್, ಹೆರ್ಕುಲೇಸ್, ಅರ್ಗೋ ನಾವಿಕರು, ಉಲಿಕ್ಸೇಸ್ ಕಥೆಗಳಿವೆ, ಪುಕ್ಕಟೆಯಾಗಿಯೂ ಸಿಗುತ್ತವೆ. ಹಳೆಯ ಮುದ್ರಣವನ್ನು ಇಳಿಸಿಕೊಳ್ಳುವಾಗ ದೀರ್ಘ ಸ್ವರಗಳಿಗೆ ಗುರುತು ಹಾಕಿದ ಪ್ರತಿಯನ್ನೇ ಹುಡುಕಿ. ‘ಲೆಗೆಂತಿಬುಸ್’ ಆ್ಯಪ್‌ನಲ್ಲಿ ಹಂತಹಂತದ ಕಥೆಗಳು ಓದುವ ಧ್ವನಿಯೊಂದಿಗೆ ಇವೆ, ಪುಸ್ತಕ ತರಿಸಿಕೊಳ್ಳುವುದು ದುಬಾರಿ ಎನಿಸುವವರಿಗೆ ಅನುಕೂಲ.

ಇವಾದ ಮೇಲೆ ಓರ್ಬೆರ್ಗ್ ಅವರೇ ಸಂಪಾದಿಸಿದ ಸೀಸರನ ಗಾಲ್ ಯುದ್ಧದ ವೃತ್ತಾಂತ. ಅದರ ಒಂದು ಪುಟವನ್ನು ನಿಘಂಟಿಲ್ಲದೆ ಓದಿ, ಚುಕ್ಕಿಗಳು ಐದರೊಳಗೆ ಉಳಿದರೆ ‘ರೋಮ ಅಯ್ತೆರ್ನ’ದ 36ನೇ ಅಧ್ಯಾಯ ತೆರೆಯಬಹುದು.